2 ಕೆಬಿ ಜಗಲಿ, 40 ಕೆಬಿ ಅಟ್ಟ

ತೊಂಬತ್ತರ ದಶಕದಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಯಿಂದ ನಮ್ಮನೆಗೆ ಒಂದು ವಿಡಿಯೋ ಗೇಮ್ ಬಂತು. ಟೀವಿಗೆ ಸಿಕ್ಕಿಸಿ ಆಡುವಂಥದ್ದು. ಕ್ಯಾಸೆಟ್ ಮೇಲೆ '9999 ಆಟ' ಅಂತ ಬರೆದಿತ್ತು. ಒಳಗಿದ್ದದ್ದು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಅವೇ ಆಟಗಳು, ಬೇರೆ ಬೇರೆ ಹೆಸರಲ್ಲಿ. ಆಗ ಸಿಟ್ಟು ಬಂದಿತ್ತು. ಈಗ ಅದೇ ಮೆಷಿನ್ನಿಗೆ ನಾನೂ ನಮ್ಮ ಭಾವನೂ ಒಂದು ಆಟ ಬರೆಯಲು ಕೂತಿದ್ದೇವೆ. ಆ ಹತ್ತು ಆಟವಾದರೂ ಹೇಗೆ ಹಿಡಿದವು ಅಂತ ಈಗ ಆಶ್ಚರ್ಯವಾಗುತ್ತದೆ.

ಆ ಪೆಟ್ಟಿಗೆ ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಅದರೊಳಗೆ ಎರಡು ಥರದ ಜಾಗ ಇದೆ. ನಮ್ಮ ಕಡೆಯ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ರ‍್ಯಾಮ್ (RAM) ಅಂದರೆ ಜಗಲಿ, ಕೆಲಸ ನಡೆಯುವ ಜಾಗ. ಕ್ಯಾಸೆಟ್‌ನ ರೋಮ್ (ROM) ಅಂದರೆ ಅಟ್ಟ, ಸಾಮಾನು ಇಡುವ ಜಾಗ. ಜಗಲಿ ಬರೀ 2 ಕೆಬಿ, ಅಂದರೆ 2048 ಬೈಟ್. ಆಗ ಮೆಮೊರಿ ಚಿಪ್ ದುಬಾರಿ, ಅದಕ್ಕೇ ಈ ಜಿಪುಣತನ. ಹಾಗಂತ ಇದನ್ನೇ ಬೈಯುವ ಹಾಗಿಲ್ಲ. 1977ರ ಅಟಾರಿ 2600 ಅನ್ನುವ ಗೇಮ್ ಪೆಟ್ಟಿಗೆಯಲ್ಲಿ ಇದ್ದದ್ದು 128 ಬೈಟ್!

ಅಟ್ಟದ ಕಥೆ ಬೇರೆ. ಪ್ರೊಸೆಸರ್ ಒಟ್ಟು 65,536 ವಿಳಾಸಗಳನ್ನಷ್ಟೇ ಎಣಿಸಬಲ್ಲದು. ಅದರಲ್ಲಿ ಅರ್ಧ, 32 ಕೆಬಿ, ಕ್ಯಾಸೆಟ್‌ನ ಪ್ರೋಗ್ರಾಮಿಗೆ. ಚಿತ್ರಗಳಿಗೆ ಬೇರೆ 8 ಕೆಬಿ. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ ಈ 40 ಕೆಬಿಯಲ್ಲೇ ಕೂತಿತ್ತು. ಅದರಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ವರ್ಷಗಟ್ಟಲೆ ಆಡಿದರೂ ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಕ್ಯಾಸೆಟ್ಟಿನೊಳಗೇ ಮ್ಯಾಪರ್ ಅನ್ನುವ ಚಿಪ್ ಕೂರಿಸಲು ಶುರು ಮಾಡಿದರು. ಅಟ್ಟದ ಕಿಟಕಿ ಅಷ್ಟೇ ಇರುತ್ತದೆ, ಹಿಂದಿನ ಪೆಟ್ಟಿಗೆಗಳನ್ನು ಬೇಕಾದ ಹಾಗೆ ಸರಿಸಿ ಕಿಟಕಿಗೆ ತರುವುದು ಇದರ ಕೆಲಸ. ಹೀಗೆ 1993ರ ಕರ್ಬೀಸ್ ಅಡ್ವೆಂಚರ್ 768 ಕೆಬಿಗೆ ಮುಟ್ಟಿತು. ಆದರೆ ಮೆಷಿನ್ನಿನ ಜಗಲಿ ಅದೇ 2 ಕೆಬಿ.

ಇವತ್ತು ಮನೆಯಲ್ಲೇ ಕೂತು ಆಟ ಬರೆಯುವವರಿಗೆ, ಅಂದರೆ ಹೋಂಬ್ರೂ ಮಂದಿಗೆ, ಅಟ್ಟದ ಚಿಂತೆ ಅಷ್ಟಿಲ್ಲ. ಚಿಪ್ ಅಗ್ಗವಾಗಿದೆ. ಆದರೂ ಕೆಲವರು ಹಟಕ್ಕೆ 40 ಕೆಬಿಯಲ್ಲೇ ಮಾಡುತ್ತಾರೆ. 2019ರ ಮೈಕ್ರೊ ಮೇಜಸ್ ಅಂಥದ್ದು. ನಾಲ್ಕು ಜನ ಒಟ್ಟಿಗೆ ಆಡಬಹುದು. ನಾವೂ ಅದೇ ಹಟಕ್ಕೆ ಬಿದ್ದೆವು. ಸುಮ್ನೆ ಇರಲಾರದೆ ಅಂತಲೇ ಇಟ್ಟುಕೊಳ್ಳಿ.

ನಮ್ಮ ಆಟದ ನಾಯಕ ಕೊನೆಗೌಡ. ಮರ ಹತ್ತಿ ಅಡಿಕೆ ಕೊನೆ, ಅಂದರೆ ಗೊನೆ, ಇಳಿಸಬೇಕು. ಇಳಿಯದೆ ತೂಗಿಕೊಂಡು ಪಕ್ಕದ ಮರ ಹಿಡಿಯಬೇಕು. ಮೆಮೊರಿ ಲೆಕ್ಕದಲ್ಲಿ ಅಡಿಕೆ ಮರದಷ್ಟು ಉಪಕಾರಿ ಇನ್ನೊಂದಿಲ್ಲ. ಉಂಗುರ ಇರುವ ಕಾಂಡದ ಒಂದು ತುಂಡು ಬರೆದರೆ ಸಾಕು, ಒಂದರ ಮೇಲೊಂದು ಪೇರಿಸಿದರೆ ತೋಟವೇ ಆಯಿತು. ಅಂಥ ತುಂಡಿಗೆ ಟೈಲ್ ಅನ್ನುತ್ತಾರೆ. ಉದ್ದಗಲ ಎಂಟೆಂಟು ಚುಕ್ಕೆ, ತೂಕ 16 ಬೈಟ್.

ಜಗಲಿಯಲ್ಲಿ ಮಾತ್ರ ಒದ್ದಾಟ. 2048 ಬೈಟ್‌ನಲ್ಲಿ 256 ಬೇಗ ಕೈಗೆ ಸಿಗಬೇಕಾದ ಲೆಕ್ಕಗಳಿಗೆ ಹೋಯಿತು. 256 ಸ್ಟ್ಯಾಕ್‌ಗೆ, ಅಂದರೆ ಒಂದು ಕೆಲಸ ಮುಗಿದ ಮೇಲೆ ಎಲ್ಲಿಗೆ ವಾಪಸ್ ಹೋಗಬೇಕು ಅಂತ ಪ್ರೊಸೆಸರ್ ಗುರುತಿಟ್ಟುಕೊಳ್ಳುವ ಜಾಗಕ್ಕೆ. ಓಡಾಡುವ ಚಿತ್ರಗಳ ಪಟ್ಟಿಗೆ ಇನ್ನೊಂದು 256. ಉಳಿದದ್ದು 1280. ತೋಟದಲ್ಲಿ 200 ಕೊನೆ. ಒಂದೊಂದಕ್ಕೆ ಒಂದು ಬೈಟ್ ಅಂತ ಭಾವ ಮೊದಲು ಧಾರಾಳವಾಗಿ ಬರೆದ. ಕೊನೆ ಇದೆಯೋ, ಕೊಯ್ದಾಯಿತೋ, ಗೊತ್ತಾಗಬೇಕಾದ್ದು ಇಷ್ಟೇ ಅಲ್ವಾ? ಅದಕ್ಕೆ ಒಂದು ಬಿಟ್ ಸಾಕು. ಬೈಟಿಗೆ ಎಂಟು ಬಿಟ್, ಹಾಗಾಗಿ 200 ಕೊನೆ 25 ಬೈಟ್‌ನಲ್ಲಿ ಮುಗಿಯಿತು.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಅಕ್ಷರದಲ್ಲಿ. ಹಿನ್ನೆಲೆಗೆ 256 ಟೈಲ್ ಸಿಗುತ್ತದೆ. ಇಂಗ್ಲಿಷಿಗೆ 26 ಅಕ್ಷರ, 10 ಅಂಕಿ, ಒಂದಕ್ಕೊಂದು ಟೈಲ್, ಮುಗಿಯಿತು. ಕನ್ನಡ ಎಂಟು ಚುಕ್ಕೆಯೊಳಗೆ ಓದಲು ಬರುವ ಹಾಗೆ ಕೂರುವುದಿಲ್ಲ. ನಾಲ್ಕು ಟೈಲ್ ಸೇರಿಸಿ ಒಂದಕ್ಷರ ಮಾಡಿದರೆ ಒಟ್ಟು 64 ಅಕ್ಷರ, ತೋಟಕ್ಕೆ ಜಾಗವೇ ಇಲ್ಲ. 34 ವ್ಯಂಜನಕ್ಕೆ ಕಾಗುಣಿತ ತಲಾ 12 ಅಂದರೂ 408 ರೂಪ. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ದಾರಿ ಸಿಕ್ಕಿದ್ದು ಹಳೆಯ ಜಪಾನಿ ಆಟಗಳನ್ನು ನೋಡಿ. ಅವರ ಲಿಪಿಯಲ್ಲಿ 'ಕ'ದ ಮೂಲೆಗೆ ಎರಡು ಗೀಟು ಹಾಕಿದರೆ 'ಗ'. ಎಷ್ಟೋ ಆಟಗಳಲ್ಲಿ ಆ ಗೀಟಿಗೆ ಬೇರೆಯೇ ಟೈಲ್ ಮಾಡಿ ಮೇಲಿನ ಸಾಲಿನಲ್ಲಿ ಇಡುತ್ತಿದ್ದರು. ನಾವು ಒತ್ತನ್ನು ಕೆಳಗಿನ ಸಾಲಿಗೆ ಇಳಿಸಿದೆವು. ಕೀ, ಕೇ, ಕೋ ಮೂರಕ್ಕೂ ಬಲಗಡೆಯ ದೀರ್ಘ ಒಂದೇ ಥರ, ಅದಕ್ಕೂ ಒಂದೇ ಟೈಲ್. ಆಟದಲ್ಲಿ ಬಾರದ ಅಕ್ಷರ ಬರೆಯುವುದೇ ಇಲ್ಲ. 'ಪ್ರಾರಂಭ' ಹೋಗಿ 'ಶುರು' ಬಂತು. 'ಮುಂದಿನ ಹಂತ' ಹೋಗಿ 'ಮುಂದೆ' ಆಯಿತು. ಭಾಷೆಗೂ ಅದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಭಾವ ಒಪ್ಪುವುದಿಲ್ಲ.

ಸದ್ಯಕ್ಕೆ ಮರದಿಂದ ಬಿದ್ದರೆ 'ಸೋತೆ' ಅಂತ ಸರಿಯಾಗಿ ಬರುತ್ತದೆ. 'ಗೆದ್ದೆ' ಬರಲು ಇನ್ನೂ ಮೂರು ಟೈಲ್ ಸಾಲುತ್ತಿಲ್ಲ.