ಬಸಿಗಾಲುವೆ ಮುಚ್ಚಿದ ಬೆನ್ನುಹುರಿ

ಕೊಪ್ಪದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ಹಿರಿಯರೊಬ್ಬರು ನನಗೆ ದೂರದ ನೆಂಟರು. ಕಳೆದ ಮಳೆಗಾಲದಲ್ಲಿ ಅವರಿಗೆ ಎದೆಯ ಸುತ್ತ ಪಟ್ಟಿ ಬಿಗಿದಂತೆ ನೋವು ಶುರುವಾಯಿತು. ನೋಡಿದವರೆಲ್ಲ ಸರ್ಪಸುತ್ತು ಎಂದರು. ಒಂದೇ ಒಂದು ಗುಳ್ಳೆ ಏಳದಿದ್ದರೂ ಸರ್ಪಸುತ್ತು! ಕೆಮ್ಮಣ್ಣು ಹಚ್ಚಿದ್ದಾಯಿತು, ನಾಗನಿಗೆ ಹಾಲೆರೆದದ್ದಾಯಿತು, ಯಾರನ್ನೋ ಕರೆಸಿ ಬೆನ್ನಿಗೆ ಎಣ್ಣೆ ತಿಕ್ಕಿಸಿ ಮೂಳೆ ‘ಕೂರಿಸಿ’ದ್ದೂ ಆಯಿತು. ಗಡ್ಡೆ ತಿಂದು ಟೊಳ್ಳಾದ ಮೂಳೆಯನ್ನು ಹಾಗೆ ಒತ್ತಿದರೆ ಅದು ಕುಸಿಯಬಹುದು ಎಂಬುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೂರನೆಯ ವಾರ ಅಂಗಳದ ಮೆಟ್ಟಿಲಿಳಿಯುವಾಗ ಕಾಲು ತಡವರಿಸಿತು. ಎಂಆರ್‌ಐ ತೆಗೆಸಿದರೆ ಎದೆಯ ಭಾಗದ ಕಶೇರುವಿನಲ್ಲಿ, ಅಂದರೆ ಬೆನ್ನುಮೂಳೆಯ ಒಂದು ಮಣಿಯಲ್ಲಿ, ಗಡ್ಡೆ. ಅದು ಬೆನ್ನುಹುರಿಯನ್ನು ಒತ್ತುತ್ತಿದೆ.

ಜರ್ಮನಿಯಲ್ಲಿರುವ ಮಗನ ಫೋನು ಬಂತು. “ಅಪ್ಪಯ್ಯ, ಅಲ್ಲಿ ಏನೂ ಮಾಡಿಸಬೇಡಿ, ಇಲ್ಲಿಗೆ ಕರೆಸಿಕೊಳ್ಳುತ್ತೇನೆ.” ವೀಸಾ ಕೈಗೆ ಬರಲು ಮೂರು ವಾರವಾದರೂ ಬೇಕಿತ್ತು. ನಾನು ವೈದ್ಯನಲ್ಲ, ವಿಜ್ಞಾನದ ಬಗ್ಗೆ ಬರೆಯುವವನು. ಆದರೂ ಅಭಿಪ್ರಾಯ ಕೇಳಿದರು. ಆಸ್ಪತ್ರೆ ಯಾವುದು, ಖರ್ಚೆಷ್ಟು ಎಂಬುದನ್ನು ಬದಿಗಿಟ್ಟು ಒಂದೇ ಮಾತು ಕೇಳಿದೆ: ಕಾಲು ತಡವರಿಸಿ ಎಷ್ಟು ದಿನವಾಯಿತು?

ಗಡ್ಡೆ ಎಂದರೆ ಕಲ್ಲು, ಬೆನ್ನುಹುರಿ ಎಂದರೆ ಹಗ್ಗ. ಕಲ್ಲು ಬಿದ್ದು ಹಗ್ಗ ಜಜ್ಜಿಹೋಗುತ್ತದೆ. ನಮ್ಮಲ್ಲಿ ಬಹುತೇಕರ ಕಲ್ಪನೆ ಇದು. ಜಜ್ಜಿದ್ದು ಜಜ್ಜಿಹೋಯಿತು, ಇನ್ನು ಒಂದು ತಿಂಗಳು ತಡವಾದರೇನು ಎಂಬ ಸಮಾಧಾನವೂ ಇಲ್ಲಿಂದಲೇ ಹುಟ್ಟುತ್ತದೆ. ನಡೆಯುವುದು ಬೇರೆಯೇ.

ಮಲೆನಾಡಿನ ಅಡಿಕೆ ತೋಟವನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ತೋಟ ಸಾಯುವುದು ನೀರಿಲ್ಲದೆ ಅಲ್ಲ, ನೀರು ಬಸಿದು ಹೋಗದೆ. ಬಸಿಗಾಲುವೆಗೆ ಹೂಳು ತುಂಬಿತೋ, ನೀರು ನಿಂತು ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಬೆನ್ನುಹುರಿಯದೂ ಅದೇ ಕತೆ. ಕಿರುಬೆರಳಿನಷ್ಟು ದಪ್ಪದ ಈ ಹುರಿಯ ಹೊದಿಕೆಯ ಹೊರಗೆ, ಮೂಳೆಯ ಕೊಳವೆಯ ಒಳಗೆ, ರಕ್ತವನ್ನು ಹೃದಯದ ಕಡೆಗೆ ಮರಳಿಸುವ ತೆಳುಗೋಡೆಯ ಅಭಿಧಮನಿಗಳ ಬಲೆಯಿದೆ. ರಕ್ತ ತರುವ ಅಪಧಮನಿಯ ಗೋಡೆ ದಪ್ಪ, ಒತ್ತಡ ಹೆಚ್ಚು. ಅದು ಬೇಗ ಮಣಿಯುವುದಿಲ್ಲ. ಒತ್ತಡ ಕಡಿಮೆಯಿರುವ ಅಭಿಧಮನಿ ಗಡ್ಡೆ ಸ್ವಲ್ಪ ಒತ್ತಿದರೂ ಚಪ್ಪಟೆಯಾಗುತ್ತದೆ. ರಕ್ತ ಬರುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ.

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ ದಿನ ಹಾಸನದಿಂದ ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಸಿದದ್ದು ಒಂದೇ ತಿರುವು. ಮೊದಲು ದೋಣಿಗಲ್‌ನಲ್ಲಿ ಟ್ಯಾಂಕರ್‌ಗಳು ನಿಲ್ಲುತ್ತವೆ, ಸಾಲು ಸಕಲೇಶಪುರದವರೆಗೆ ಬೆಳೆಯುತ್ತದೆ, ಕೊನೆಗೆ ಘಾಟಿಗೂ ತನಗೂ ಸಂಬಂಧವೇ ಇಲ್ಲದ ಹಾಲಿನ ವ್ಯಾನೂ ಸಿಕ್ಕಿಬೀಳುತ್ತದೆ. ಹಾಗೆಯೇ ನಿಂತ ರಕ್ತದಿಂದ ದ್ರವ ಸೋರಿ ಬೆನ್ನುಹುರಿ ಊದಿಕೊಳ್ಳುತ್ತದೆ. ಸುತ್ತ ಇರುವುದು ಮೂಳೆ; ಹಿಗ್ಗಲು ಜಾಗವಿಲ್ಲ. ಊತವೇ ಕೊನೆಗೆ ಸಣ್ಣ ಅಪಧಮನಿಗಳನ್ನೂ ಹಿಸುಕುತ್ತದೆ, ನರಕೋಶಗಳು ಸಾಯತೊಡಗುತ್ತವೆ. ಊತದ ಹಂತದವರೆಗೆ ಹಿಂದಿರುಗುವ ದಾರಿಯುಂಟು. ಸ್ಟೀರಾಯ್ಡ್ ಕೊಟ್ಟ ಕೂಡಲೇ ಕೆಲವರ ಕಾಲಿಗೆ ಬಲ ಬರುವುದು ಸೋರಿಕೆ ಇಳಿಯುವುದರಿಂದ. ಗಡ್ಡೆ ಇದ್ದಲ್ಲೇ ಇರುತ್ತದೆ. ಸತ್ತ ನರಕೋಶವನ್ನು ಮಾತ್ರ ಯಾವ ದೇಶದ ಶಸ್ತ್ರವೈದ್ಯನೂ ಎಬ್ಬಿಸಲಾರ.

ಈ ಅಭಿಧಮನಿಗಳ ಬಲೆಗೆ ಅಮೆರಿಕದ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ ಅವರ ಹೆಸರಿದೆ. 1940ರಲ್ಲಿ ಅವರು ಶವಗಳ ರಕ್ತನಾಳಕ್ಕೆ ಎಕ್ಸ್-ರೇಯಲ್ಲಿ ಕಾಣುವ ದ್ರಾವಣ ಹರಿಸಿ, ಅದು ಕಿಬ್ಬೊಟ್ಟೆಯಿಂದ ನೇರವಾಗಿ ಬೆನ್ನುಮೂಳೆಗೆ ಏರುವುದನ್ನು ತೋರಿಸಿದರು. ಇಲ್ಲಿ ಕವಾಟಗಳಿಲ್ಲ, ಕೆಮ್ಮಿದರೆ ಸಾಕು, ರಕ್ತ ಹಿಮ್ಮುಖವಾಗಿಯೂ ಹರಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹತ್ತುವ ಏಣಿಗಳಲ್ಲಿ ಇದೂ ಒಂದು. ಇಂಥ ಗಡ್ಡೆಯ ನೋವು ಕೆಮ್ಮಿದಾಗ, ಸೀನಿದಾಗ, ರಾತ್ರಿ ಮಲಗಿದಾಗ ಹೆಚ್ಚುವುದಕ್ಕೂ ಈ ನಾಳಗಳು ಉಬ್ಬುವುದು ಒಂದು ಕಾರಣ. ಗೊಬ್ಬರದ ಚೀಲ ಎತ್ತಿ ಉಳುಕಿದ ಸೊಂಟ ಮಲಗಿದರೆ ಸುಧಾರಿಸುತ್ತದೆ. ಇದು ಮಲಗಗೊಡುವುದಿಲ್ಲ.

‘ಬೆನ್ನಿಗೆ ಕತ್ತರಿ ಹಾಕಿದರೆ ಕಾಲು ಹೋಗುತ್ತದೆ’ ಎಂಬ ಭಯಕ್ಕೂ ಒಂದು ಚರಿತ್ರೆಯಿದೆ. 1887ರಲ್ಲಿ ಲಂಡನ್ನಿನಲ್ಲಿ ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಮೊದಲ ಬಾರಿಗೆ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದರು. ಎಕ್ಸ್-ರೇ ಬರಲು ಇನ್ನೂ ಎಂಟು ವರ್ಷವಿತ್ತು! ನರರೋಗ ತಜ್ಞ ವಿಲಿಯಂ ಗವರ್ಸ್ ರೋಗಿಯ ಲಕ್ಷಣಗಳನ್ನಷ್ಟೇ ಓದಿ ಗಡ್ಡೆಯ ಜಾಗ ಊಹಿಸಿದ್ದರು. ಅಲ್ಲಿ ತೆರೆದರೆ ಏನೂ ಕಾಣಲಿಲ್ಲ. ಇನ್ನಷ್ಟು ಮೇಲಕ್ಕೆ ಮೂಳೆ ತೆಗೆದಾಗ ಗಡ್ಡೆ ಸಿಕ್ಕಿತು. ರೋಗಿ ಮತ್ತೆ ನಡೆದರು. ಆದರೆ ಕ್ಯಾನ್ಸರ್ ಹರಡಿ ಬಂದ ಗಡ್ಡೆ ಸಾಮಾನ್ಯವಾಗಿ ಕಶೇರುವಿನ ಮುಂಭಾಗದಲ್ಲಿರುತ್ತದೆ. ದಶಕಗಳ ಕಾಲ ಹಿಂಭಾಗದ ಮೂಳೆಯನ್ನಷ್ಟೇ ತೆಗೆಯುತ್ತಿದ್ದರು: ಮುಂದಿನ ಕಂಬ ಗೆದ್ದಲು ತಿಂದಿರುವಾಗ ಹಿಂದಿನ ಗೋಡೆ ಕೆಡವಿದಂತೆ. ಫಲಿತಾಂಶ ಕೆಟ್ಟದಾಗಿತ್ತು, ಭಯ ಉಳಿಯಿತು. ಈಗ ಗಡ್ಡೆ ಇರುವ ಕಡೆಯಿಂದಲೇ ಒತ್ತಡ ಬಿಡಿಸಿ, ತಿರುಪು ಮತ್ತು ಸರಳುಗಳಿಂದ ಮೂಳೆಯನ್ನು ಬಿಗಿಯುತ್ತಾರೆ. 2005ರಲ್ಲಿ ಅಮೆರಿಕದಿಂದ ಪ್ರಕಟವಾದ 101 ರೋಗಿಗಳ ಅಧ್ಯಯನದಲ್ಲಿ, ಇಂಥ ಶಸ್ತ್ರಚಿಕಿತ್ಸೆಯ ಜೊತೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಶೇ 84 ಮಂದಿ ನಡೆಯಬಲ್ಲವರಾದರು. ವಿಕಿರಣ ಮಾತ್ರ ಪಡೆದವರಲ್ಲಿ ಶೇ 57. ಕಾಲುಗಳ ಬಲ ಪೂರ್ತಿ ಹೋಗಿ 48 ಗಂಟೆ ಮೀರಿದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲೇ ಇಲ್ಲ.

ಹಾಗಾದರೆ ವಿದೇಶ ಬೇಡವೇ? ಯಾರಿಗೆ ಎಂಬುದು ಪ್ರಶ್ನೆ. ಮೆನಿಂಜಿಯೋಮ, ಶ್ವಾನೋಮದಂಥ ನಿಧಾನದ ಗಡ್ಡೆಗಳು ವರ್ಷಗಟ್ಟಲೆ ಬೆಳೆಯುತ್ತವೆ. ಕಾಲಿನ ಬಲ ಚೆನ್ನಾಗಿದ್ದರೆ ವಿಚಾರಿಸಲು ಸಮಯವಿರುತ್ತದೆ. ಕಾರ್ಡೋಮ ಎಂಬ ಅಪರೂಪದ ಗಡ್ಡೆಯನ್ನು ಚೂರು ಮಾಡದೆ ಇಡಿಯಾಗಿ ತೆಗೆಯಬೇಕು. ಮೊದಲ ಶಸ್ತ್ರಚಿಕಿತ್ಸೆ ಕೆಟ್ಟರೆ ಮುಂದಿನದೆಲ್ಲ ಕಷ್ಟ. ಅಂಥವರು ಇಟಲಿಯ ಬೊಲೊನ್ಯಾದಂಥ ಕೇಂದ್ರಗಳನ್ನು ವಿಚಾರಿಸುವುದು ಅರ್ಥವಾಗುತ್ತದೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವೂ ಎಂಆರ್‌ಐಯಲ್ಲಿ ಗಡ್ಡೆಯ ವೇಷ ಹಾಕುತ್ತದೆ. ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಕ್ಷಯ ಎಂದಾದರೆ ಅದರ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದಕ್ಕಾಗಿ ಜರ್ಮನಿಗೆ ಹೋಗುವುದುಂಟೆ? ಇಷ್ಟಕ್ಕೂ ಎರಡನೆಯ ಅಭಿಪ್ರಾಯಕ್ಕೆ ಎಂಆರ್‌ಐ ಚಿತ್ರಗಳು ಹೋದರೆ ಸಾಕು. ಅವುಗಳಿಗೆ ವೀಸಾ ಬೇಡ.

ನಮ್ಮ ಹಿರಿಯರ ಕಾಲು ತಡವರಿಸಿ ಆಗ ಎರಡು ದಿನವಾಗಿತ್ತು. ಮರುದಿನ ಬೆಳಗಿನ ಜಾವವೇ ಬೆಂಗಳೂರಿಗೆ ಹೊರಟರು, ಆ ವಾರವೇ ಶಸ್ತ್ರಚಿಕಿತ್ಸೆಯಾಯಿತು. ಚಿತ್ರಗಳನ್ನು ನೋಡಿದ ಜರ್ಮನಿಯ ವೈದ್ಯರು ಕಾಯಬೇಡಿ ಎಂದಿದ್ದರಂತೆ. ಆ ಉತ್ತರ ಬರುವಷ್ಟರಲ್ಲಿ ಹೊಲಿಗೆ ಹಾಕಿಯಾಗಿತ್ತು.

ಈಗ ಅವರಿಗೆ ಮೊಮ್ಮಗಳನ್ನು ನೋಡಲು ವಿಮಾನ ಹತ್ತುವ ಆಸೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಅಂದರೆ ಹೆಚ್ಚುಕಡಿಮೆ 6,330 ಅಡಿಯ ಮುಳ್ಳಯ್ಯನಗಿರಿಯ ನೆತ್ತಿ ಎಂದು ವಿವರಿಸಿದೆ. ಅದಕ್ಕಿಂತ ಗಂಟೆಗಟ್ಟಲೆ ಅಲುಗಾಡದೆ ಕೂತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ದೊಡ್ಡದು, ಶಸ್ತ್ರವೈದ್ಯರು ಒಪ್ಪಿದ ಮೇಲೆಯೇ ಹೊರಡಿ ಎಂದೆ. “ಮುಳ್ಳಯ್ಯನಗಿರಿ ನೋಡದವನೇನಪ್ಪ ನಾನು” ಎಂದು ನಕ್ಕು, ಊರುಗೋಲು ಹಿಡಿದು ಅಂಗಳದ ಮೆಟ್ಟಿಲು ಒಂದೊಂದಾಗಿ ಇಳಿದರು.