ಘಾಟಿ ಇಳಿಯುವಾಗ ಎಂಜಿನ್ ಕೂಗಲಿ ಬಿಡಿ

ಮಡಿಕೇರಿಗೆ ಹೋಗಿ ಬಂದವರ ದೂರು ಕಾಸರಗೋಡಿನ ನಮ್ಮ ಗ್ಯಾರೇಜಿಗೆ ಸೋಮವಾರ ಬೆಳಿಗ್ಗೆ ಬರುತ್ತದೆ. "ಸಂಪಾಜೆ ಘಾಟಿ ಇಳಿಯುವಾಗ ಎಂಜಿನ್ ಒಂದೇ ಸಮನೆ ಕೂಗುತ್ತದೆ, ಗೇರ್ ಮೇಲೇರುವುದೇ ಇಲ್ಲ. ಗೇರ್‌ಬಾಕ್ಸ್ ಬಿಚ್ಚಬೇಕೇನೋ?" ಬಿಚ್ಚುವ ಮಾತನ್ನು ಗಿರಾಕಿಯೇ ಆಡುವಾಗ ಬೇಡವೆನ್ನುವ ಮೆಕ್ಯಾನಿಕ್ ದಡ್ಡ. ಆ ದಡ್ಡತನವನ್ನು ನಾನು ವರ್ಷಗಳಿಂದ ಮಾಡುತ್ತಿದ್ದೇನೆ.

ಕಳೆದ ತಿಂಗಳು ಬದಿಯಡ್ಕದ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಬಂದರು. ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಸಾಧನ, ಇರುವ 6 ಗೇರಿನ ಆಟೋಮ್ಯಾಟಿಕ್ ಕಾರು. ಸ್ಕ್ಯಾನರ್ ಸಿಕ್ಕಿಸಿ ನೋಡಿದೆ, ದೋಷದ ಕೋಡ್ ಒಂದೂ ಇಲ್ಲ. ಅವರನ್ನೇ ಸ್ಟಿಯರಿಂಗ್ ಮುಂದೆ ಕೂರಿಸಿ ಮುಳ್ಳೇರಿಯ ಕಡೆಯ ಒಂದು ಇಳಿಜಾರಿಗೆ ಹೋದೆವು. ಎಕ್ಸಿಲರೇಟರ್ ಬಿಟ್ಟು ಎರಡು ಸಲ ಬ್ರೇಕ್ ಒತ್ತಿದರು. ಪರದೆಯಲ್ಲಿ 4 ಇದ್ದದ್ದು 3 ಆಯಿತು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ, 2000ದಲ್ಲಿದ್ದ ಮುಳ್ಳು 3000ದ ಹತ್ತಿರ ಹೋಯಿತು. "ಇಗೋ, ಶುರುವಾಯಿತು!" ಎಂದರು.

ಶುರುವಾಗಬೇಕಾದದ್ದೇ. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ರಸ್ತೆ ಕಾಣುವುದಿಲ್ಲ. ಎಕ್ಸಿಲರೇಟರ್ ಒತ್ತಿಲ್ಲ, ಆದರೂ ವೇಗ ಏರುತ್ತಿದೆ, ಚಾಲಕ ಬ್ರೇಕ್ ತುಳಿಯುತ್ತಿದ್ದಾನೆ: ಇಷ್ಟನ್ನು ಕೂಡಿಸಿ ಇದು ಇಳಿಜಾರೆಂದು ಲೆಕ್ಕ ಹಾಕುತ್ತದೆ. ಆಮೇಲೆ ಕೆಳಗಿನ ಗೇರನ್ನು ಬಿಡದೆ ಹಿಡಿದಿಡುತ್ತದೆ. ಆಗ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗಿ ಬಂದು ಕಾರಿನ ಓಟ ತಗ್ಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದರಲ್ಲ, ಅದೇ ಬುದ್ಧಿ. ನೀವು ಕೂಗು ಎನ್ನುವುದು ಬ್ರೇಕಿನ ಕೆಲಸವನ್ನು ಎಂಜಿನ್ ಹಂಚಿಕೊಳ್ಳುವ ಸದ್ದು.

ಎಲ್ಲ ಕಾರುಗಳೂ ಹೀಗೇ ಎನ್ನಲಾರೆ. ಸಿವಿಟಿ, ಎಎಂಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್‌ಗಳ ನಡೆ ಬೇರೆ, ಕೈಪಿಡಿ ನೋಡಿಕೊಳ್ಳಿ. ಎಂಜಿನ್ ಕೂಗಿಯೂ ಕಾರು ಮುಂದೆ ಹೋಗದಿದ್ದರೆ, ಸುಟ್ಟ ಎಣ್ಣೆಯ ವಾಸನೆ ಬಂದರೆ ಮಾತ್ರ ತಡಮಾಡಬೇಡಿ.

ಮಾಷ್ಟ್ರ ಅಳಿಯ ಬ್ಯಾಟರಿ ತಂತಿ ಕಳಚಿ "ರೀಸೆಟ್" ಬೇರೆ ಮಾಡಿದ್ದನಂತೆ. ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಸವೆದಂತೆ ಎಣ್ಣೆಯ ಒತ್ತಡವನ್ನು ಎಷ್ಟು ತಿದ್ದಬೇಕೆಂದು ಕಂಪ್ಯೂಟರ್ ಮತ್ತೆ ಮತ್ತೆ ಗೇರ್ ಬದಲಿಸುತ್ತಾ ಕಲಿತಿರುತ್ತದೆ. ಕೆಲವು ಮಾದರಿಗಳಲ್ಲಿ ಬ್ಯಾಟರಿ ಕಳಚಿದರೆ ಆ ಪಾಠ ಅಳಿಸಿಹೋಗಿ, ಸ್ವಲ್ಪ ಕಾಲ ಗೇರ್ ಬದಲಾಗುವಾಗ ಕಾರು ಜಗ್ಗುತ್ತದೆ. ಏಳನೆಯ ತರಗತಿಯ ಮಕ್ಕಳನ್ನು ಪುನಃ ಒಂದನೆಯದರಲ್ಲಿ ಕೂರಿಸಿದಂತೆ ಎಂದೆ. ಮಾಷ್ಟ್ರು ನಿಂತಲ್ಲಿಂದಲೇ ಅಳಿಯನಿಗೆ ಫೋನ್ ಮಾಡಿದರು.

ಆಮೇಲೆ ಮೆಲ್ಲಗೆ ಇನ್ನೊಂದು ಹೊರಬಿತ್ತು. "ಸದ್ದು ತಡೆಯಲಾರದೆ ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಿದ್ದೆ. ಪೆಟ್ರೋಲಾದರೂ ಉಳಿಯಿತು."

ಅದೂ ಉಳಿಯುವುದಿಲ್ಲ. ಗೇರಿನಲ್ಲಿ ಇಳಿಯುತ್ತಾ ಎಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ ಸಾಮಾನ್ಯವಾಗಿ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಆರದೆ ಉರಿಯಲಿಕ್ಕೆ ಕುಡಿಯುತ್ತಲೇ ಇರಬೇಕು. ಕಾರಿನ ಭಾರವೆಲ್ಲ ಬ್ರೇಕಿನ ತಲೆಗೆ. ಮುಂದಿನ ಚಕ್ರ ಬಿಚ್ಚಿ ತೋರಿಸಿದೆ: ಡಿಸ್ಕ್ ಅಲ್ಲಲ್ಲಿ ನೀಲಿಗಟ್ಟಿತ್ತು, ಪ್ಯಾಡ್ ಗಾಜಿನಂತೆ ನುಣುಪಾಗಿತ್ತು.

"ಹಾಗಾದರೆ ಗೇರ್‌ಬಾಕ್ಸಿಗೆ ಏನೂ ಮಾಡಲಿಕ್ಕಿಲ್ಲವೇ?"

"ಗೇರ್‌ಬಾಕ್ಸಿಗೆ ಇಲ್ಲ ಮಾಷ್ಟ್ರೇ. ಬ್ರೇಕಿಗೆ ಇದೆ."