ಸೋಯೆರ್‌ನ ಮರದ ರೈಲು: ಊರಿಗೆ ಅಂತ ಕಟ್ಟಿದ್ದು, ಈಗ ಯಾರಿಗೆ ಓಡ್ತಿದೆ?

ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಪಾಲ್ಮಾ ಸಿಟಿಯಿಂದ ಸೋಯೆರ್‌ಗೆ ಓಡೋ ಮರದ ರೈಲು, ಅಲ್ಲಿಂದ ಬಂದರಿಗೆ ಹೋಗೋ ಮರದ ಟ್ರಾಮ್, ಇವೆರಡರ ಬಗ್ಗೆ ಎರಡು ಥರ ಮಾತು ಕೇಳಿಬರುತ್ತೆ. ಹೋಗಿ ಬಂದವರೆಲ್ಲ ಒಂದ್ಸಲ ಹತ್ತಲೇಬೇಕು ಅಂತಾರೆ, ಅಲ್ಲೇ ಬಾಳೋರಲ್ಲಿ ತುಂಬಾ ಜನ ಅದು ಟೂರಿಸ್ಟ್ ಗಾಡಿ, ನಮಗಲ್ಲ ಅಂತಾರೆ. ಎರಡೂ ನಿಜಾನೇ. ಆದ್ರೆ ಊರಿನವರೇ ದುಡ್ಡು ಹಾಕಿ ಕಟ್ಕೊಂಡ ರೈಲು ಊರಿನವರಿಗೆ ಅಪರಿಚಿತ ಆಗೋ ಮಟ್ಟಕ್ಕೆ ಹೇಗೆ ಬಂತು ಅಂತ ತಿಳ್ಕೋಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಸೋಯೆರ್ ಇರೋದು ಟ್ರಮುಂಟಾನಾ ಬೆಟ್ಟಸಾಲಿನ ನಡುವಿನ ಕಣಿವೆಯಲ್ಲಿ. ಕಿತ್ತಳೆ, ನಿಂಬೆ ತೋಟಗಳ ಊರು. ಹಣ್ಣು ಹಡಗು ಹತ್ತಿ ಸೀದಾ ಫ್ರಾನ್ಸ್‌ಗೆ ಹೋಗ್ತಿತ್ತು, ಎಷ್ಟೋ ಮನೆಯವರು ಅಲ್ಲೇ ಹೋಗಿ ಹಣ್ಣಿನಂಗಡಿ ಇಟ್ಕೊಂಡು ದುಡಿದು ಊರಿಗೆ ದುಡ್ಡು ತಂದ್ರು. ಸಮುದ್ರ ದಾಟಿ ಫ್ರಾನ್ಸ್ ಮುಟ್ಟೋದು ಅವರಿಗೆ ರೂಢಿಯಾಗಿತ್ತು, ತಮ್ಮದೇ ದ್ವೀಪದ ರಾಜಧಾನಿ ಪಾಲ್ಮಾಗೆ ಹೋಗೋದೇ ದೊಡ್ಡ ಕಷ್ಟ. ಯಾಕಂದ್ರೆ ನಡುವೆ ಅಲ್ಫಾಬಿಯಾ ಬೆಟ್ಟ ಅಡ್ಡ, ಅದನ್ನ ದಾಟೋಕೆ ಇದ್ದಿದ್ದು ಒಂದೇ ಘಾಟಿ ರಸ್ತೆ. ಆಗುಂಬೆಯಲ್ಲಿ 14 ತಿರುವಿಗೇ ತಲೆ ಸುತ್ತುತ್ತಲ್ಲ, ಇಲ್ಲಿ ಹತ್ತಿ ಇಳಿಯೋದ್ರಲ್ಲಿ ಐವತ್ತಕ್ಕೂ ಹೆಚ್ಚು ತಿರುವು, ಅದೂ ಕುದುರೆ ಗಾಡಿಯಲ್ಲಿ.

ಮಯೋರ್ಕಾದಲ್ಲಿ ಮೊದಲ ರೈಲು ಓಡಿದ್ದು 1875ರಲ್ಲಿ, ಪಾಲ್ಮಾದಿಂದ ಇಂಕಾಗೆ, ಅದು ಬಯಲು ಸೀಮೆ. ಸೋಯೆರ್ ಕಡೆ ಬೆಟ್ಟ ಸುತ್ತಿ ವಾಲ್ದೆಮೋಸಾ, ದೆಯಾ ಊರುಗಳ ಮೇಲೆ ಹಳಿ ಹಾಕೋ ಯೋಚನೆ ಮಾಡಿದ್ರು, ಆಗ್ಲಿಲ್ಲ. ಕೊನೆಗೆ ಸುತ್ತೋದು ಬೇಡ, ಬೆಟ್ಟಾನೇ ಕೊರೆಯೋಣ ಅಂತ ತೀರ್ಮಾನ ಆಯ್ತು. 1905ರಲ್ಲಿ ಕಂಪನಿ ಶುರುವಾಯ್ತು, ಮುಂದೆ ನಿಂತು ನಡೆಸಿದವರು ಜೆರೋನಿ ಎಸ್ತಾದೆಸ್, ಎಂಜಿನಿಯರ್ ಪೆರೆ ಗರಾವ್, ಷೇರು ಹೆಚ್ಚಾಗಿ ಸೋಯೆರ್ ಜನರದ್ದೇ. ಒಟ್ಟು 13 ಸುರಂಗ, ಅದರಲ್ಲಿ ದೊಡ್ಡದು 2.8 ಕಿ.ಮೀ.ಗೂ ಉದ್ದ, ಐದು ಕಮಾನಿನ ಸೇತುವೆ ಬೇರೆ. ಸೋಯೆರ್ ಕಡೆ 7 ಕಿ.ಮೀ. ಒಳಗೆ ಹಳಿ ಸುಮಾರು 200 ಮೀಟರ್ ಕೆಳಗಿಳಿಯುತ್ತೆ, ಅದಕ್ಕೇ ಹಾವಿನ ಥರ ಸುತ್ತಿ ಸುತ್ತಿ ಬರುತ್ತೆ. 1912ರ ಏಪ್ರಿಲ್ 16ಕ್ಕೆ ಉದ್ಘಾಟನೆ. ಒಂದು ಸಣ್ಣ ಊರು ಏಳು ವರ್ಷದಲ್ಲಿ ಇಷ್ಟು ಮಾಡ್ತು ಅಂದ್ರೆ ನನಗಂತೂ ಈಗ್ಲೂ ಆಶ್ಚರ್ಯ.

ಟ್ರಾಮ್ ಕಥೆ ಇನ್ನೂ ಚೆನ್ನಾಗಿದೆ. ಅವಾಗಿನ ಸ್ಪೇನ್ ಕಾನೂನಿನ ಪ್ರಕಾರ ಇಂಥ ಸಣ್ಣ ರೈಲಿಗೆ ಸರ್ಕಾರದ ಸಹಾಯಧನ ಬೇಕು ಅಂದ್ರೆ ಲೈನು ಕನಿಷ್ಠ 30 ಕಿ.ಮೀ. ಇರ್ಬೇಕಿತ್ತು, ಇವರದ್ದು 27 ಚಿಲ್ಲರೆ. ಹಾಗಾಗಿ ಸೋಯೆರ್‌ನಿಂದ ಬಂದರಿನ ತನಕ ಇನ್ನೂ ಸುಮಾರು 5 ಕಿ.ಮೀ. ಸೇರಿಸಿದ್ರು, ಅದೇ ಟ್ರಾಮ್. 1913ರ ಅಕ್ಟೋಬರ್ 4ರಂದು ಓಡಿದ ಇದು ಮಯೋರ್ಕಾದ ಮೊದಲ ಎಲೆಕ್ಟ್ರಿಕ್ ಟ್ರಾಮ್. ಸಹಾಯಧನದ ಲೆಕ್ಕಕ್ಕೆ ಹುಟ್ಟಿದ್ರೂ ದಂಡವಾಗಿ ನಿಂತಿರ್ಲಿಲ್ಲ, ಜನರ ಜೊತೆ ಬಂದರಿನಿಂದ ಮೀನು, ಕಲ್ಲಿದ್ದಲು, ನೌಕಾನೆಲೆಗೆ ಬೇಕಾದ ಸಾಮಾನು ಎಲ್ಲ ಹೊತ್ತಿದೆ. ಈಗ್ಲೂ ಅದೇ ದಾರಿ, ಚರ್ಚ್ ಮುಂದಿನ ಚೌಕದಲ್ಲಿ ಕೆಫೆ ಟೇಬಲ್‌ಗಳ ಪಕ್ಕದಲ್ಲೇ ಗಂಟೆ ಹೊಡ್ಕೊಂಡು ಹೋಗುತ್ತೆ, ಆಮೇಲೆ ಮನೆಗಳ ಹಿತ್ತಲು, ಕಿತ್ತಳೆ ತೋಟ, ಕೊನೆಗೆ ಸಮುದ್ರದ ದಂಡೆ.

ರೈಲು ಮೊದಲು ಓಡ್ತಿದ್ದಿದ್ದು ಉಗಿ ಎಂಜಿನ್‌ನಲ್ಲಿ. ಅಷ್ಟು ಉದ್ದದ ಸುರಂಗದೊಳಗೆ ಹೊಗೆ ತುಂಬ್ಕೊಂಡ್ರೆ ಕೂತವರ ಗತಿ ಏನು ಹೇಳಿ. 1929ರ ಜುಲೈನಲ್ಲಿ ಇಡೀ ಲೈನು ವಿದ್ಯುತ್‌ಗೆ ಬದಲಾಯ್ತು, ಸೀಮೆನ್ಸ್ ಮೋಟರು, ಜರಗೋಜಾದ ಕಾರ್ದೆ ಇ ಎಸ್ಕೊರಿಯಾಜಾ ಕಾರ್ಖಾನೆಯಲ್ಲಿ ಕಟ್ಟಿದ ಮರದ ಮೈ. ಇವತ್ತು ರೈಲು ಎಳೆಯೋದೂ ಆಗ ಬಂದ ಆ ನಾಲ್ಕು ಮೋಟರು ಗಾಡಿಗಳೇ, ಮ್ಯೂಸಿಯಂನಿಂದ ಹೊರಗೆ ತಂದಿದ್ದಲ್ಲ, ಮಧ್ಯದಲ್ಲಿ ಬಿಟ್ಟು ಆಮೇಲೆ ರಿಪೇರಿ ಮಾಡಿದ್ದೂ ಅಲ್ಲ. ವಾರ್ನಿಶ್ ಹೊಡೆದ ಮರದ ಗೋಡೆ, ಹಿತ್ತಾಳೆ ಹಿಡಿಕೆ, ಗಾಡಿ ಯಾವ ಕಡೆ ಹೊರಡುತ್ತೋ ಆ ಕಡೆ ಮುಖ ಮಾಡಿ ಕೂರೋ ಹಾಗೆ ತಿರುಗಿಸೋ ಸೀಟಿನ ಒರಗು. ಸುರಂಗದೊಳಗೆ ಹೋದ್ರೆ ಚಕ್ರದ ಸದ್ದು ಮರಕ್ಕೆಲ್ಲ ಹತ್ತಿಕೊಂಡು ಪಕ್ಕದವರ ಮಾತೂ ಕೇಳಲ್ಲ, ಆಚೆ ಬಂದ ತಕ್ಷಣ ಕೆಳಗೆ ಪೂರ್ತಿ ಕಣಿವೆ.

ಅಂತರ್ಯುದ್ಧ, ಬಡತನ, ಆಮೇಲೆ ಚಾರ್ಟರ್ ವಿಮಾನ, ಬೀಚ್ ಹೋಟೆಲು, ಕಾರು. ದ್ವೀಪದ ಬೇರೆ ರೈಲುಗಳನ್ನ ಕಾರು ನುಂಗಿಬಿಡ್ತು. ಸಾಂತಾನ್ಯಿ ಲೈನು 1964ರಲ್ಲಿ, ಫೆಲಾನಿಚ್ 1967ರಲ್ಲಿ, ಅರ್ತಾ ಕಡೆದು 1977ರಲ್ಲಿ ಮುಚ್ಚಿದ್ವು, ಪಾಲ್ಮಾದ ಟ್ರಾಮ್ ಅಂತೂ 1950ರ ದಶಕ ದಾಟ್ಲಿಲ್ಲ. ಇಂಕಾ ಲೈನು ಉಳಿದ್ರೂ 1981ರಲ್ಲಿ ಮೀಟರ್‌ಗೇಜ್ ಆಯ್ತು. ದ್ವೀಪದಲ್ಲಿ ಮೂರಡಿ ಅಗಲದ ಹಳೇ ಹಳಿ ಮೇಲೆ ಓಡೋದು ಇವತ್ತು ಸೋಯೆರ್ ರೈಲು, ಅದರ ಟ್ರಾಮ್ ಎರಡೇ. ಬೆಟ್ಟ ಅಡ್ಡ ಇದ್ದಿದ್ದೇ ಇದನ್ನ ಕಾಪಾಡಿದ್ದು ಅಂತ ನಾನು ನಂಬ್ತೀನಿ, ಬಸ್ಸು ಕಾರಿಗೂ ಆ ಘಾಟಿ ಸಲೀಸಾಗಿರ್ಲಿಲ್ಲ.

ಆ ಕಾವಲು ಮುಗಿದಿದ್ದು 1997ರಲ್ಲಿ, ಅದೇ ಬೆಟ್ಟದಲ್ಲಿ ಸುಮಾರು 3 ಕಿ.ಮೀ. ರಸ್ತೆ ಸುರಂಗ ಬಂದಾಗ. ರೈಲಿಗೆ ಒಂದು ಗಂಟೆ ಬೇಕಾದ್ರೆ ಕಾರಿಗೆ ಅರ್ಧ ಗಂಟೆ ಸಾಕು. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗೋರು ಬಸ್ಸು ಕಾರು ಹಿಡಿದ್ರು, ಅವರನ್ನ ತಪ್ಪು ಅನ್ನೋಕಾಗಲ್ಲ. ರೈಲು ಉಳೀಬೇಕು ಅಂದ್ರೆ ಟೂರಿಸ್ಟ್ ಬೇಕು, ಟೂರಿಸ್ಟ್ ರೇಟಿಗೆ ಟಿಕೆಟ್ ಬೇಕು, ಆ ರೇಟಿಗೆ ದಿನಾ ಓಡಾಡೋರು ಬರಲ್ಲ, ಒಂದಕ್ಕೊಂದು ಸೇರಿ ಗಂಟು ಬಿತ್ತು. ಟ್ರಾಮ್‌ಗೆ ರಶ್ ಹೆಚ್ಚಾಗಿ ಲಿಸ್ಬನ್‌ನಿಂದ ಹಳೇ ಗಾಡಿ ತರಿಸಿದ್ರು, ಅಲ್ಲಿನ ಹಳಿ 900 ಮಿ.ಮೀ., ಇಲ್ಲಿ 914, ಚಕ್ರ ಹೊಂದಿಸಿಕೊಂಡ್ರೆ ಆಯ್ತು.

2011ರಲ್ಲಿ ಟ್ರಮುಂಟಾನಾ ಬೆಟ್ಟಸಾಲು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರ್ತು, 2017ರಲ್ಲಿ ರಸ್ತೆ ಸುರಂಗದ ಟೋಲ್ ತೆಗೆದ್ರು. ಟೋಲ್ ಹೋಗಿದ್ದು ಊರಿನವರಿಗೆ ನೆಮ್ಮದಿ, ಆದ್ರೆ ಬಾಡಿಗೆ ಕಾರುಗಳಿಗೂ ಅದೇ ದಾರಿ ಫ್ರೀ ಆಯ್ತು, ಕುದುರೆ ಗಾಡಿ ಕಾಲದ ಗಲ್ಲಿಗಳಲ್ಲಿ ಈಗ ಪಾರ್ಕಿಂಗ್ ಹುಡುಕಾಟ. ಮಯೋರ್ಕಾ ಸೇರಿದ ಬಲೇರಿಕ್ ದ್ವೀಪಗಳ ಜನಸಂಖ್ಯೆ ಸುಮಾರು 12 ಲಕ್ಷ, 2024ರಲ್ಲಿ ಬಂದ ಪ್ರವಾಸಿಗರು 1.8 ಕೋಟಿಗೂ ಹೆಚ್ಚು. ಅದೇ ವರ್ಷ ಪಾಲ್ಮಾದಲ್ಲಿ ಸಾವಿರಾರು ಜನ ಬೀದಿಗಿಳಿದ್ರು, ಮನೆ ಬಾಡಿಗೆ ಕೈಗೆಟುಕ್ತಿಲ್ಲ, ರಸ್ತೆ ಜಾಮ್, ಸಾಕು ಅಂತ. ಅವರ ಸಿಟ್ಟು ನ್ಯಾಯವಾದದ್ದೇ. ಅದರ ಬಿಸಿ ಮರದ ರೈಲಿಗೂ ತಟ್ಟುತ್ತೆ, ಯಾಕಂದ್ರೆ ಪ್ರತಿ ಪೋಸ್ಟ್‌ಕಾರ್ಡ್‌ನಲ್ಲೂ ಇರೋದು ಇದೇ ಗಾಡಿ.

ಆದ್ರೆ ಲೆಕ್ಕ ಹಾಕಿ ನೋಡಿ, ರೈಲಲ್ಲಿ ಬಂದವರು ಕಾರು ತರಲ್ಲ. ಕಣಿವೆಗೆ ಬರೋ ಜನರಲ್ಲಿ ಜಾಗ ಕಡಿಮೆ ತಿನ್ನೋರು ಅಂದ್ರೆ ಅವರೇ. ಹೊರಗಿನವರ ಟಿಕೆಟ್ ದುಬಾರಿ ಇದ್ರೆ ಇರ್ಲಿ, 1929ರ ಗಾಡಿ ಓಡಿಸೋಕೆ, ವರ್ಕ್‌ಶಾಪಲ್ಲಿ ಮರದ ಕೆಲಸ ಬಲ್ಲವರನ್ನ ಉಳಿಸ್ಕೊಳ್ಳೋಕೆ ದುಡ್ಡು ಬೇಕೇ ಬೇಕು. ಅದರ ಜೊತೆಗೆ ಬೆಳಗ್ಗೆ ಪಾಲ್ಮಾ ಕಡೆಗೆ ಒಂದು, ಸಂಜೆ ವಾಪಸ್ ಒಂದು ಟ್ರಿಪ್ಪು ಬಸ್ ಚಾರ್ಜಲ್ಲೇ ಸೋಯೆರ್, ದಾರಿಯಲ್ಲಿ ಸಿಗೋ ಬುನ್ಯೋಲಾ ಊರಿನ ಜನಕ್ಕೆ ಸಿಗೋ ಹಾಗೆ ಆಗ್ಬೇಕು, ಅದಕ್ಕೆ ಬೀಳೋ ನಷ್ಟ ಸರ್ಕಾರ ತುಂಬಿಕೊಡ್ಲಿ. ಒಂದು ಕಾಲದಲ್ಲಿ 30 ಕಿ.ಮೀ. ಲೆಕ್ಕಕ್ಕೆ ಸಹಾಯಧನ ಕೊಟ್ಟಿದ್ದ ಸರ್ಕಾರಕ್ಕೆ ಇದೇನೂ ಹೊಸ ವಿಷಯ ಅಲ್ಲ.